ಕಾಲು ಸುಮ್ಮನಿರುವುದಿಲ್ಲ

3 ಮಾರ್ಚ್ 2003, ಸೋಮವಾರ, ಅಮಾವಾಸ್ಯೆ
ಬೀಳಗಿ ಬಸ್ ಸ್ಟ್ಯಾಂಡ್, ಬೆಳಿಗ್ಗೆ 6.30

ಕುರ್ಚಿಯಲ್ಲಿ ಕುಳಿತ ಮಹನೀಯರೇ! ಚಾಪೆಯ ಮೇಲೆ ಕೂಸು ಮಲಗಿಸಿಕೊಂಡ ತಾಯಂದಿರೇ! ತಗಡಿನ ಸಂದಿಗೆ ಒಂದೇ ಕಣ್ಣು ಹಚ್ಚಿ ಪುಕ್ಕಟೆ ನೋಡುತ್ತಿರುವ ಧೀರರೇ! ಶಾಂತರಾಗಿ ಕೂಡಿರಿ. ಪೇಟಿ ಮಾಸ್ತರ ಕಾಮಣ್ಣ ತನ್ನ ಮೂರನೆಯ ಹಾಡಿಗೆ ಹೊರಟಿದ್ದಾನೆ!

ಎದುರಿಗೆ ಯಾರೂ ಇಲ್ಲ. ಒಂದು ನಾಯಿ. ಜಮಖಂಡಿ ಬಸ್ಸು ಇನ್ನೂ ಬಂದಿಲ್ಲ. ಆದರೂ ಹೀಗೆ ಕೂಗಿ ಕರೆಯದೆ ಪೆನ್ನು ಓಡುವುದಿಲ್ಲ. ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಕಾಲುಪೇಟಿ, ಅಂದರೆ ಕಾಲು ಹಾರ್ಮೋನಿಯಂ, ತುಳಿದು ಕೊಳೆತವನ ಚಟ. ಬರೆಯುವುದು ಕಂಪನಿಯ ಹಳೆಯ ಹ್ಯಾಂಡ್‌ಬಿಲ್‌ಗಳ ಬೆನ್ನ ಮೇಲೆ. ಮುಂದೆ ನಟನಟಿಯರ ಹೆಸರು, ಫೋಟೋ. ಹಿಂದೆ ನಾನು. ಮೊದಲಿಂದಲೂ ಹಾಗೇ.

ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ, ಹೆಂಡತಿ ರತ್ನಾ ಕಟ್ಟಿಕೊಟ್ಟ ಜ್ಯೇಷ್ಠಮಧು. ಹಾಡು ಕಿಸೆಯಲ್ಲಿ.

ಬಸ್ಸು ಬಂತು.

ಸಂಜೆ 5, ವಾಪಸ್ ಬಸ್ಸಿನಲ್ಲಿ

ಆತು! ಮೂರನೆಯದೂ ಆತು. ಕ್ಯಾಸೆಟ್ಟಿನ ಎಂಟು ಹಾಡಿನಲ್ಲಿ ಇನ್ನು ಐದು.

ಬನಹಟ್ಟಿಯಲ್ಲಿ ತಿಂಗಳಿಗೆ ಒಂದೇ ದಿನ ಹಾಡು ತುಂಬಿಸಲು ಬರುವುದು. ಉಳಿದ ದಿನವೆಲ್ಲ ಓಣಿ ತುಂಬ ಪವರ್‌ಲೂಮು. ಖಟಕ್ ಖಟಕ್ ಖಟಕ್... ಗೋಡೆ ನಡುಗುತ್ತದೆ, ಚಹಾದ ಬಸಿ ನಡುಗುತ್ತದೆ, ಮೈಕೂ ನಡುಗುತ್ತದೆ. ಅಮಾವಾಸ್ಯೆಗೆ ಮಾತ್ರ ಮಗ್ಗಗಳಿಗೆ ಸೂಟಿ. ಆ ದಿನ ಊರು ಉಸಿರು ಹಿಡಿದು ಕೂಡುತ್ತದೆ. ಆ ದಿನವೇ ನನ್ನ ರೆಕಾರ್ಡಿಂಗು. "ಅಮಾಸಿ ದಿನಾ ಯಾರಾರ ಹೊಸಾ ಕೆಲಸ ಹಿಡೀತಾರೇನು" ಎಂದು ಮಗ್ಗುಲ ಮನೆಯ ಸಾವಕ್ಕ ಜನವರಿಯಲ್ಲೇ ಕೇಳಿದ್ದಳು. ನಾನು ಹಿಡಿಯುತ್ತೇನೆ ತಾಯಿ. ಕಾಮಣ್ಣ ಹಿಡಿಯುತ್ತಾನೆ.

ಸ್ಟುಡಿಯೋ ಅಂದರೆ ಗುರುಸಿದ್ದನ ಅಪ್ಪನ ನೂಲಿನ ಗೋಡೌನು. ಜಾನಪದ ಕ್ಯಾಸೆಟ್ ತೆಗೆದು ಹೆಸರು ಮಾಡಿದ ಹುಡುಗ, ಮೂವತ್ತೈದರ ಆಸುಪಾಸು. ಗೋಡೆಗೆ ಗೋಣಿಚೀಲ, ತತ್ತಿ ಇಡುವ ರಟ್ಟು. ನಡುವೆ ಗಾಜು. ಆಚೆ ಅವನು, ಅವನ ಕಂಪ್ಯೂಟರು. ಈಚೆ ನಾನು, ನನ್ನ ಪಿಯಾನೋ. ಡಿಸೆಂಬರಿನಲ್ಲಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿಟ್ಟದ್ದು. ಅಲ್ಲೇ ಇದೆ.

ಹಾಡು ಮುಗಿಯಿತು. ಸ್ಪೀಕರಿನಲ್ಲಿ ಅವನ ದನಿ:

"ಮಾಸ್ತರ್ರ, ಹಾಡು ಛಲೋ ಬಂದೈತ್ರಿ. ಆದ್ರ ಹಿಂದ ಯಾರೋ ಖಾರಾ ಕುಟ್ಟಿದಂಗ ಕೇಳಾಕತ್ತೈತಿ. ಧಪ್, ಕಿರ್... ಧಪ್, ಕಿರ್..."

"ಅದು ನನ್ನ ಕಾಲು."

"ಕಾಲ್ಯಾಕ್ರಿ? ಹಾಡೂದು ಬಾಯಿ, ಬಾರ್ಸೂದು ಕೈ. ಕಾಲಿಂದೇನ್ರಿ ಕೆಲಸ?"

"ನೀ ಹುಟ್ಟೂಕಿಂತ ಮೊದಲಿಂದ ಆ ಕಾಲು ಇಡೀ ಕಂಪನಿಗೆ ಗಾಳಿ ಹಾಕ್ಯಾವಪಾ!"

ಕಂಪ್ಯೂಟರಿನತ್ತ ತಿರುಗಿದ. ಆ ಮಾತು ಬಿಟ್ಟಿಲ್ಲ, ನನಗೆ ಗೊತ್ತು.

1 ಏಪ್ರಿಲ್, ಮಂಗಳವಾರ, ಅಮಾವಾಸ್ಯೆ
ಬನಹಟ್ಟಿ, ಮಧ್ಯಾಹ್ನ

ಕಾಲು ಕಟ್ಟಿದರು! ಕೇಳಿರಿ ಸಭಿಕರೇ, ಈ ಕಾಮಣ್ಣನ ಕಾಲು ಕಟ್ಟಿದರು!

ಮೊದಲು ಪೆಡಲಿನ ಕೆಳಗೆ ಕೌದಿ ಹಾಸಿದ. ಆಮೇಲೆ ಚಪ್ಪಲಿ ಬಿಡಿಸಿದ. ಆಮೇಲೆ ಹಲ್ಲು ಕಿಸಿಯುತ್ತ ಒಂದು ಟವೆಲ್ ತಂದ. "ತಪ್ಪ ತಿಳೀಬ್ಯಾಡ್ರಿ ಮಾಸ್ತರ್ರ, ಒಂದ ಒಂದ್ ಟೇಕ್." ಎರಡೂ ಕಾಲು ಸ್ಟೂಲಿನ ಕಾಲಿಗೆ. ನಾನೂ ಕಟ್ಟಿಸಿಕೊಂಡೆ. ನೋಡಿಯೇ ಬಿಡೋಣ ಎಂದು.

ಹಾಡಿದೆ. ಸ್ವರ ಸರಿ. ಮಾತು ಸರಿ. ತಾಳ ಸರಿ.

ಹೆಣ.

ಕಾಲುಪೇಟಿಯಲ್ಲಿ ಕಾಲೇ ಉಸಿರು. ತುಳಿದರೆ ಗಾಳಿ, ಗಾಳಿ ಇದ್ದರೆ ಸ್ವರ. ಹನ್ನೊಂದನೆಯ ವಯಸ್ಸಿನಿಂದ ತುಳಿದಿದ್ದೇನೆ. ಪಿಯಾನೋಕ್ಕೆ ಗಾಳಿ ಬೇಡ. ಒಳಗೆ ತಂತಿ, ತಂತಿಗೆ ಬಡಿಯುವ ಸುತ್ತಿಗೆ. ಇದು ನನಗೆ ಗೊತ್ತು, ನನ್ನ ಕಾಲಿಗೆ ಗೊತ್ತಿಲ್ಲ. ಅದು ತುಳಿಯುತ್ತದೆ. ಬಲಗಾಲು ಒತ್ತಿದರೆ ಸ್ವರಗಳೆಲ್ಲ ತೆರೆದುಕೊಂಡು ಒಂದರ ಮೇಲೊಂದು ಹರಿಯುತ್ತವೆ. ಬಿಟ್ಟರೆ ಗಕ್ಕನೆ ನಿಲ್ಲುತ್ತವೆ. ಎಡಗಾಲು ಒತ್ತಿದರೆ ಮೆತ್ತಗಾಗುತ್ತವೆ. ಆ ಎಡ ಪೆಡಲು ಕಿರ್ ಎನ್ನುತ್ತದೆ, ಎಣ್ಣೆ ಹಾಕಿದರೂ. ಎಡಗೈ ಷಡ್ಜ ಪಂಚಮ ಬಿಡದೆ ಹಿಡಿದಿರುತ್ತದೆ, ತಂಬೂರಿಯ ಬದಲಿಗೆ. ಬಲಗೈ ನನ್ನ ದನಿಯ ಬೆನ್ನು ಹತ್ತುತ್ತದೆ. ಕಾಲು ತುಳಿಯುತ್ತದೆ. ತಂತಿಯ ವಾದ್ಯ ಉಸಿರಾಡಲು ತೊಡಗುತ್ತದೆ. ತಬಲಾ ಇಲ್ಲ, ಕೊಳಲು ಇಲ್ಲ, ಕೋರಸ್ಸಿಲ್ಲ. ಇಷ್ಟೇ ನನ್ನ ಸಂಗೀತ.

ಧಾರವಾಡದಿಂದ ಬಂದಿದ್ದ ಒಬ್ಬ ಕೀಬೋರ್ಡ್ ಪಂಡಿತ ಕೇಳಿ "ಇದು ತಪ್ಪು ಪದ್ಧತಿ" ಎಂದನಂತೆ. ತಪ್ಪೇ. ಐವತ್ತು ವರ್ಷ ಒಂದೇ ತಪ್ಪನ್ನು ತಾಳ ಬಿಡದೆ ಮಾಡಿದವನು ಹೇಳುತ್ತಿದ್ದೇನೆ: ಅದಕ್ಕೆ ಶೈಲಿ ಎನ್ನುತ್ತಾರೆ.

"ಗುರುಸಿದ್ದಾ! ಬಿಚ್ಚು!"

"ಯಪ್ಪಾ, ಸಾವಕಾಶ ಒದರ್ರಿ, ಗಾಜ ಒಡೀತೈತಿ!"

ಬಾಗಿಲಲ್ಲಿ ಮಾಳು ಹೊಟ್ಟೆ ಹಿಡಿದು ನಗುತ್ತಿದ್ದ. ಮಗ್ಗ ರಿಪೇರಿ ಮಾಡುವ ಜಾಬರ್. ಅಮಾವಾಸ್ಯೆಗೆ ಅವನಿಗೂ ಸೂಟಿ. ಬಂದು ನನ್ನ ಪಿಯಾನೋ ತಂತಿ ಬಿಗಿಯುತ್ತಾನೆ, ಮಗ್ಗದ ಬೋಲ್ಟು ತಿರುವುವ ಪಾನಾದಿಂದಲೇ. ನಾನು ಸ್ವರ ಹಾಡುವುದು, ಅವನು ತಿರುವುವುದು, "ಇನ್ನೊಂಚೂರು... ಹಾಂ, ನಿಲ್ಲು!" ಪೂರ್ತಿ ಬಿಗಿದರೆ ತಂತಿ ಹರಿಯುತ್ತವೆ. ಹಾಗಾಗಿ ಇಡೀ ಪಿಯಾನೋ ಅರ್ಧ ಸ್ವರ ಕೆಳಗೆ ನಿಂತಿದೆ. ನನ್ನ ದನಿಯೂ ಈ ಅರವತ್ತೆರಡಕ್ಕೆ ಅಷ್ಟೇ ಇಳಿದಿದೆ. ಸರಿಜೋಡಿ.

"ಕಾಲು ಕಟ್ಟಿದ್ರ ಮಗ್ಗಾನೂ ನೇಯೂದಿಲ್ಲ ಗುರುಸಿದ್ದಣ್ಣಾ" ಎಂದ ಮಾಳು, ಟವೆಲ್ ಬಿಚ್ಚುತ್ತ.

ಬಿಚ್ಚಿದ ಮೇಲೆ ಒಂದೇ ಸಲಕ್ಕೆ ಬಂತು. ಬರುವಾಗ ಆಲ್ಬಮ್ಮಿಗೆ ಹೆಸರೂ ಇಟ್ಟುಬಂದೆ: "ಕಾಲು ಸುಮ್ಮನಿರೂದಿಲ್ಲ". ಕೆಳಗೆ: ಹಾಡು, ರಾಗ, ದನಿ, ಪಿಯಾನೋ — ಕಾಮಣ್ಣ. ಗುರುಸಿದ್ದ ಬರೆದುಕೊಂಡ. ಪೆನ್ಸಿಲ್ಲಿನಲ್ಲಿ.

20 ಏಪ್ರಿಲ್, ರವಿವಾರ
ಮನೆ

ಬಜಾರಕ್ಕೆ ರತ್ನಾಳ ಜೊತೆ. ಕಾಯಿಪಲ್ಲೆ ಮಾರುವ ಅನಸವ್ವ ಅವಳನ್ನು ನೋಡಿ ತಕ್ಕಡಿಯನ್ನೇ ಬಿಟ್ಟಳು.

"ಯವ್ವಾ, ರತ್ನಾಬಾಯಾರ! ಮಿಲ್ಲಿನ ಸಾವಕಾರನ ಮಗಳ ಪಾರ್ಟ್ ಮಾಡ್ತಿದ್ರಿ. ಅಷ್ಟದೊಡ್ಡ ಪೆಟಿಗಿ ಮುಂದ ಕುಂತು ಏನ್ ಬಾರಸ್ತಿದ್ರಿ! ನಮ್ಮವ್ವ ಸಾಯೂಮಟ ನಿಮ್ಮ ಬೆರಳ ನೆನಸ್ತಿದ್ಲು ನೋಡ್ರಿ."

ರತ್ನಾ ನಕ್ಕಳು. ಸ್ಟೇಜಿನ ನಗು, ಇನ್ನೂ ಹಾಗೇ ಇದೆ. ಆಮೇಲೆ ಅನಸವ್ವ ನನ್ನ ಕಡೆ ತಿರುಗಿದಳು.

"ನೀವೇನ್ ಮಾಡ್ತಿದ್ರಿ ಯಜಮಾನ್ರ, ಕಂಪನ್ಯಾಗ?"

ಅಹಾ! ಎಂಥಾ ಡೈಲಾಗು! ಭರ್ತಿ ಥೇಟರಿನಲ್ಲಿ ಪರದೆ ಬಿದ್ದ ಹಾಗೆ! ರತ್ನಾ ಮೆಂತ್ಯೆ ಸೂಡು ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು. ಹೇಳಲಿಲ್ಲ.

ಆ ಪಿಯಾನೋ ಜಮಖಂಡಿಯ ಒಂದು ಹಳೆಯ ವಾಡೆಯದು. ಕಂಪನಿಯ ಮಾಲಕ ಚನಮಲ್ಲಪ್ಪನವರು ಅದನ್ನು ಶ್ರೀಮಂತರ ಮನೆಯ ಸೀನಿಗೆಂದು ತಂದರು. ರತ್ನಾ ಅದರ ಮುಂದೆ ಕುಳಿತು ಬೆರಳು ಆಡಿಸುವಳು, ಒತ್ತುವಂತಿಲ್ಲ. ನಾನು ಸ್ಟೇಜಿನ ಕೆಳಗೆ, ತಗ್ಗಿನಲ್ಲಿ, ಕಾಲುಪೇಟಿ ತುಳಿಯುತ್ತ ಬಾರಿಸುವೆ. ಹೀರೋಗೆ ಗಂಟಲು ಇಲ್ಲದ ದಿನ ಅವನ ಹಾಡೂ ನಾನೇ, ತಗ್ಗಿನಿಂದಲೇ. ಅವನು ಬಾಯಿ ಆಡಿಸುವನು. ಜನ "ವನ್ಸ್ ಮೋರ್" ಎಂದು ಅವನಿಗೆ ಕೂಗುವರು. ಇಪ್ಪತ್ತೆರಡು ವರ್ಷ. ಮಧ್ಯಾಹ್ನ ಥೇಟರು ಖಾಲಿ ಇದ್ದಾಗ ಕದ್ದು ಏರಿ ಪಿಯಾನೋ ಬಾರಿಸಿ ಕಲಿತೆ. ಕಂಪನಿ ಮುಚ್ಚಿದ ದಿನ ಮಾಲಕರು "ಕಾಮಣ್ಣಾ, ಇದ ನಿನಗ ಇರಲಿ" ಎಂದರು. ಬೇರೆ ಯಾರಿಗೂ ಹೊರಲು ಆಗುತ್ತಿರಲಿಲ್ಲ. ನಮ್ಮ ಮನೆಯ ಬಾಗಿಲು ಹಿಡಿಸದೆ ಕಳೆದ ಡಿಸೆಂಬರಿನವರೆಗೂ ಕಂಪನಿಯ ಹಳೆಯ ಸಾಮಾನಿನ ಕೋಣೆಯಲ್ಲೇ ಬಿದ್ದಿತ್ತು.

ಮನೆಗೆ ಬಂದು ಕೇಳಿದೆ. "ಬಾರಿಸಿದಾಂವ ಇಂವ ಅಂತ ಅನಸವ್ವಗ ಒಂದ್ ಮಾತು ಹೇಳಬೇಕಿತ್ತಿಲ್ಲೊ ರತ್ನಾ?"

ಸೊಪ್ಪು ಸೋಸುತ್ತ, ತಲೆ ಎತ್ತದೆ ಹೇಳಿದಳು: "ಹಲ್ಲ ಹೋದೂ. ಬಣ್ಣ ಹೋತು. ಕಂಪನಿ ಹೋತು. ಆ ಸುಳ್ಳೊಂದ ಉಳದೈತ್ರಿ ನನಗ. ಅದನ್ನೂ ಕಸಗೋತೀರೇನ?"

ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿದೆ.

ಕಸಿಯುವುದಿಲ್ಲ. ಅದು ಅವಳದು. ಆದರೆ ಈ ಎಂಟು ಹಾಡು ನನ್ನವು. ಇವು ಬೇರೆಯವರ ಬಾಯಿಂದ ಬರುವುದಿಲ್ಲ, ಬೇರೆಯವರ ಬೆರಳಿನಿಂದ ಬರುವುದಿಲ್ಲ. ಸಾಯುವ ಮೊದಲು ಒಮ್ಮೆ, ಒಂದೇ ಒಂದು ಸಲ, ಕಾಮಣ್ಣನ ಹಾಡು ಕಾಮಣ್ಣನ ಬಾಯಿಂದ! ಇದು ಪ್ರತಿಜ್ಞೆ.

1 ಮೇ, ಗುರುವಾರ, ಅಮಾವಾಸ್ಯೆ
ವಾಪಸ್ ಬಸ್ಸು

ಇವತ್ತು ಗಾಜಿನ ಆಚೆ ಇಬ್ಬರು. ಗುರುಸಿದ್ದನ ಮಗ್ಗುಲಿಗೆ ಒಬ್ಬ ಹೊಳೆಯುವ ಅಂಗಿಯವನು, ಯಲ್ಲಾಲಿಂಗ. ತೇರದಾಳದ ಕಡೆಯವನು. ಡೊಳ್ಳಿನ ಪದ ಹಾಡಿ ಹೆಸರಾಗಿದ್ದಾನೆ. ಟೆಂಪೋಗಳ ಹಿಂದೆಲ್ಲ ಅವನ ಫೋಟೋ.

ಗುರುಸಿದ್ದ ಕೈ ಹೊಸೆಯುತ್ತ ಬಂದ. "ಒಂದ್ ವಿಚಾರ ಬಂದೈತ್ರಿ. ಪದ ನಿಮ್ಮೂ, ರಾಗ ನಿಮ್ಮೂ. ದನಿ ಇಂವಂದು. ಕೀಬೋರ್ಡ್ ಹಾಕೂನು, ರಿದಮ್ ಪ್ಯಾಡ್ ಹಾಕೂನು. ನಿಮ್ಮ ಹೆಸರು ಹಿಂದ ಬರ್ತೈತ್ರಿ, ಸಾಹಿತ್ಯ ಅಂತ."

ಹಿಂದೆ! ಮತ್ತೆ ಹಿಂದೆ!

ಎದ್ದು ನಿಂತೆ. ಎಡಗೈ ಸೊಂಟಕ್ಕೆ. "ಎಲವೋ ಗುರುಸಿದ್ದಾ! ನಲವತ್ತು ವರ್ಷ ತಗ್ಗಿನೊಳಗ ಕುಂತು ಹಾಡೇನಿ. ಈಗ ನಿನ್ನ ಗಾಜಿನ ಹಿಂದೂ ಕುಂಡ್ರಬೇಕೇನು?"

"ಸಿಟ್ಟಿಗೇಳಬ್ಯಾಡ್ರಿ ಮಾಸ್ತರ್ರ. ಖರೆ ಹೇಳ್ತೇನಿ, ನಿಮ್ಮ ದನಿ ಮೈಕ್ ತಡಿಯೂದಿಲ್ರಿ. ಎತ್ತರಕ್ಕ ಹೋದ್ರ ಫಾಟ್ ಅಂತ ಒಡೀತೈತಿ. ಈಗಿನ ಮಂದಿಗೆ ಕಿವ್ಯಾಗ ಪಿಸುಗುಟ್ಟಿದಂಗ ಇರಬೇಕು."

"ಕಡೀ ಸಾಲಿನ್ಯಾಗ ಕುಂತ ಕುಡ್ಡಗ ಸೈತ ಮುಟ್ಟಬೇಕು. ಹಂಗ ಕಲತೇನಿ."

"ಕುಡ್ಡನಿಗೆ ಕಿವಿ ಇರ್ತಾವಲ್ರಿ!"

ಯಲ್ಲಾಲಿಂಗ ಕಿಸಕ್ಕನೆ ನಕ್ಕ. ನನಗೂ ನಗು ಬಂತು, ತೋರಿಸಲಿಲ್ಲ. ಮಾಳು ಮಾತಾಡದೆ ಸ್ಟ್ಯಾಂಡಿನಿಂದ ಮೈಕ್ ಬಿಚ್ಚಿದ. ಗೋಡೌನಿನ ಆ ತುದಿಗೆ ಹೋಗಿ ತೊಲೆಗೆ ಕಟ್ಟಿದ, ನನ್ನಿಂದ ಮೂವತ್ತು ಹೆಜ್ಜೆ ದೂರ. "ಈಗ ಒದರ್ರಿ ಮಾಸ್ತರ್ರ."

ಹಾಡಿದೆ. ಕಡೆಯ ಸಾಲಿಗೆ ಹಾಡಿದ ಹಾಗೆ. ಒಡೆಯಲಿಲ್ಲ! ದನಿ ಗೋಡೌನು ಸುತ್ತಿ, ಗೋಣಿಚೀಲಗಳ ಮೈ ಸವರಿ, ಪಿಯಾನೋದ ಜೊತೆ ಕೈಕೈ ಹಿಡಿದು ಮೈಕಿಗೆ ಹೋಯಿತು. ಗುರುಸಿದ್ದನೇ ಹೆಡ್‌ಫೋನ್ ತೆಗೆದು ಕುಳಿತುಬಿಟ್ಟ.

ಐದು.

31 ಮೇ, ಶನಿವಾರ, ಅಮಾವಾಸ್ಯೆ

ಆರು. ಇದು ಅನಗವಾಡಿಯ ಹಾಡು. ಅಲ್ಲಿ ಹೊಳೆದಂಡೆಯ ಬಯಲಲ್ಲಿ ನಮ್ಮ ಥೇಟರು ಹಾಕುತ್ತಿದ್ದೆವು. ಈಗ ಆ ಬಯಲಿನ ಮೇಲೆ ಆಣೆಕಟ್ಟಿನ ಹಿನ್ನೀರು ನಿಂತಿದೆ. ಮೊನ್ನೆ ದಂಡೆಗೆ ಹೋಗಿ ಕುಳಿತು ಬರೆದದ್ದು:

ಗೇಟು ಹಾಕ್ಯಾರ, ನೀರು ಏರ್ಯಾವ,
ಮೀನಿಗೆ ಈಗ ಮೊದಲನೆ ಸಾಲು.
ಗೂಟ ಕೀಳದ ಬಂದೇನಿ ತಾಯಿ,
ಮುಳುಗಿದ ಡೇರೆಗೆ ನಾ ಕಾವಲು.

ಬಾಗಿಲಲ್ಲಿ ನಿಂತ ನೇಕಾರ ಹೆಂಗಸರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಇಂದ್ರವ್ವ ಎಂದು ಹೆಸರಂತೆ. ತವರು ಬೀಳಗಿ ತಾಲೂಕಿನ ಕಡೆ, ಮುಳುಗಿದ ಊರು. "ಅಳಬ್ಯಾಡ್ ಬೇ, ಟೇಪಿನ್ಯಾಗ ಬರ್ತೈತಿ" ಎಂದ ಗುರುಸಿದ್ದ. ಬರಲಿ ಎಂದೆ ನಾನು.

29 ಜೂನ್, ರವಿವಾರ, ಮಣ್ಣೆತ್ತಿನ ಅಮಾವಾಸ್ಯೆ

ಇವತ್ತು ರತ್ನಾ ಬಂದಿದ್ದಳು. ತಾನೇ ಹೇಳಿದಳು, ಬರುತ್ತೇನೆ ಎಂದು. ಮಣ್ಣೆತ್ತಿಗೆ ಪೂಜೆ ಮಾಡಿ, ಹಳದಿ ಇಳಕಲ್ ಸೀರೆ ಉಟ್ಟು.

ಗೋಡೌನಿಗೆ ಬಂದವಳು ಪಿಯಾನೋವನ್ನು ಸುತ್ತ ನೋಡಿದಳು. ಎಷ್ಟೋ ವರ್ಷದ ಮೇಲೆ ಸವತಿಯನ್ನು ಕಂಡ ಹಾಗೆ. ಸ್ಟೂಲಿನ ಅರ್ಧಕ್ಕೆ ಕುಳಿತಳು. ಬೆನ್ನು ನೆಟ್ಟಗೆ, ಕತ್ತು ಒಂದಿಷ್ಟು ಓರೆ, ಅದೇ ಸೀನು! ಬೆರಳು ಗಾಳಿಯಲ್ಲಿ ಆಡಿದವು. ನನ್ನ ಎಲ್ಲ ಹಾಡಿನ ಎಲ್ಲ ಸ್ವರ ಅವಕ್ಕೆ ನೆನಪಿದ್ದವು. ಒತ್ತಲಿಲ್ಲ, ಅಷ್ಟೇ.

"ಒತ್ತು" ಎಂದೆ.

"ಮಾಲಕ್ರು ಬೈತಾರ."

"ಮಾಲಕ್ರು ತೀರಿ ಹನ್ನೊಂದ ವರ್ಷ ಆತು ರತ್ನಾ."

ಒತ್ತಿದಳು. ಒಂದೇ ಬಿಳಿ ಮನೆ, ನಡುಬೆರಳಿನಿಂದ. ಡಣ್ ಎಂದಿತು. ಬೆಚ್ಚಿ ಕೈ ಹಿಂದೆಗೆದಳು.

"ಇಷ್ಟ ಗಟ್ಟಿ ಐತೇನ್ರಿ ಇದು!"

ಇಪ್ಪತ್ತೆರಡು ವರ್ಷ ಅದರ ಮುಂದೆ ಕುಳಿತವಳು! ಮಾಳು ನಕ್ಕ. ನನಗೆ ನಗಲಾಗಲಿಲ್ಲ.

ಏಳನೆಯ ಹಾಡು ಹಾಡುವಾಗ ಅವಳು ನೆಲದ ಮೇಲೆ, ಗೋಡೆಗೆ ಒರಗಿ ಕುಳಿತಿದ್ದಳು. ಈ ಸಲ ಅವಳು ಕೆಳಗೆ, ನಾನು ಮೇಲೆ. ನನ್ನ ಕಾಲನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಹೇಳಿದಳು: "ನೀವು ತಗ್ಗಿನ್ಯಾಗ ಇಷ್ಟ ಒದ್ದಾಡ್ತಿದ್ರಿ ಅಂತ ಮ್ಯಾಲ ಕುಂತಾಕಿಗೆ ಕಂಡಿರಲಿಲ್ರಿ."

29 ಜುಲೈ, ಮಂಗಳವಾರ, ನಾಗರ ಅಮಾವಾಸ್ಯೆ

ಎಂಟನೆಯ, ಕಡೆಯ ಹಾಡಿಗೆ ಹೋದೆ. ಬೀಗ. ಗುರುಸಿದ್ದ ಕೊಲ್ಹಾಪುರಕ್ಕೆ ಹೋಗಿದ್ದಾನಂತೆ. ಬಾಗಿಲ ಸಂದಿಗೆ ಒಂದೇ ಕಣ್ಣು ಹಚ್ಚಿ ನೋಡಿದೆ. ಪಿಯಾನೋದ ಮೇಲೆ ನೂಲಿನ ಪೆಟ್ಟಿಗೆ ಹೇರಿದ್ದರು.

27 ಆಗಸ್ಟ್, ಬುಧವಾರ, ಅಮಾವಾಸ್ಯೆ

ಬೀಗ.

31 ಆಗಸ್ಟ್, ರವಿವಾರ, ಗಣೇಶ ಚೌತಿ
ಬೀಳಗಿ, ಮಧ್ಯಾಹ್ನ

ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಸಿಟ್ಟಿಗೆ. ಬೇರೆ ಯಾತಕ್ಕೂ ಅಲ್ಲ.

ಓಣಿಯ ಗಣಪತಿ ಪೆಂಡಾಲು. ದೊಡ್ಡ ಸ್ಪೀಕರು. ಹಾರ ಕೊಳ್ಳಲು ಹೋದವನು ನಿಂತುಬಿಟ್ಟೆ. "ಗೇಟು ಹಾಕ್ಯಾರ, ನೀರು ಏರ್ಯಾವ..." ನನ್ನ ಪದ, ನನ್ನ ರಾಗ, ಯಲ್ಲಾಲಿಂಗನ ದನಿ. ನಾನು ಅತ್ತು ಬರೆದದ್ದಕ್ಕೆ ಮೂರು ಪಟ್ಟು ಓಟ. ಹುಡುಗರು ಅಂಗಿ ಬಿಚ್ಚಿ ಕುಣಿಯುತ್ತಿದ್ದರು.

ಅಷ್ಟೇ ಆಗಿದ್ದರೆ... ತಡೆಯಿರಿ ಮಹಾಜನರೇ, ಇನ್ನೂ ಇದೆ! ಆ ಕುಣಿತದ ಕೆಳಗೆ ಒಂದು ಪೆಟ್ಟು. ಧಪ್, ಕಿರ್. ಧಪ್, ಕಿರ್. ರಿದಮ್ ಪ್ಯಾಡು ಕಿರ್ ಎನ್ನುವುದಿಲ್ಲ. ಲೋಕದಲ್ಲಿ ಒಂದೇ ಒಂದು ಪೆಡಲು ಹಾಗೆ ಕಿರ್ ಎನ್ನುತ್ತದೆ.

ನನ್ನ ಕಾಲು! ದನಿ ತೆಗೆದು, ಕೈ ತೆಗೆದು, ಬರೇ ಕಾಲು ಕತ್ತರಿಸಿ ಇಟ್ಟುಕೊಂಡಿದ್ದಾನೆ!

ಕ್ಯಾಸೆಟ್ಟಿನ ಹೊದಿಕೆ ನೋಡಿದೆ. ಯಲ್ಲಾಲಿಂಗ, ಕಪ್ಪು ಕನ್ನಡಕ, ನೀರಿನ ಮುಂದೆ. ನನ್ನ ಹೆಸರು ಮುಂದೆಯೂ ಇಲ್ಲ. ಹಿಂದೆಯೂ ಇಲ್ಲ.

1 ಸೆಪ್ಟೆಂಬರ್, ಸೋಮವಾರ
ಬನಹಟ್ಟಿ, ಸಂಜೆ

ಮಗ್ಗಗಳು ಓಡುತ್ತಿದ್ದವು. ಆ ಗದ್ದಲದ ಮೇಲೆ ನನ್ನ ದನಿ ಕೇಳಿಸಿತು, ಅಷ್ಟು ಹೇಳಿದರೆ ಸಾಕು.

ಗುರುಸಿದ್ದ ಓಡಿಹೋಗಲಿಲ್ಲ. ಚಹಾ ತರಿಸಿದ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು.

"ನಿಮ್ಮದೂ ಬರ್ತಿತ್ರಿ ಮಾಸ್ತರ್ರ, ಆಮ್ಯಾಲ. ಮೊದಲ ಮಂದಿಗೆ ಹಾಡು ಗೊತ್ತಾಗ್ಲಿ ಅಂತ..."

"ನನ್ನ ಏಳು ಟೇಕ್ ತಗಿ. ಇಲ್ಲೆ ಕೇಳಿಸು."

ಚಹಾದ ಕೆನೆಯನ್ನು ಬೆರಳಿನಿಂದ ತೆಗೆದ. "ಡಿಸ್ಕಿನ್ಯಾಗ ಜಾಗಾ ಇರಲಿಲ್ರಿ. ಅಳಸೀನಿ. ಕಾಲಿಂದಷ್ಟ ಇಟ್ಕೊಂಡೆ. ರಿದಮ್ಮಿಗೆ ಭಾಳ ಛಲೋ ಕೂತೈತ್ರಿ ಅದು."

ಏಳು ಅಮಾವಾಸ್ಯೆ. ಇಂದ್ರವ್ವನ ಅಳು. ರತ್ನಾ ಗೋಡೆಗೆ ಒರಗಿ ಕೇಳಿದ ಹಾಡು. ಅಳಸೀನಿ!

ಅವನು ನಿಲ್ಲಲಿಲ್ಲ. "ಗಣಪತಿ ಕಳಸೂ ದಿನಾ ದೊಡ್ಡ ಸ್ಟೇಜ್ ಪ್ರೋಗ್ರಾಮ್ ಐತ್ರಿ. ಈ ಪಿಯಾನೋ ನಡುವ ಇಡೂನು. ಯಲ್ಲಾಲಿಂಗ ಮುಂದ ಕುಂತು ಕೈ ಆಡಸ್ತಾನ. ನೀವು ಪರದೆ ಹಿಂದ ಬಾರಸ್ರಿ. ನಿಮಗ ರೂಢಿ ಐತಲ್ರಿ?"

ರೂಢಿ ಐತಲ್ರಿ.

ಬಾಗಿಲಿಗೆ ಹೋಗಿ ಒಂದೇ ಹೆಸರು ಕೂಗಿದೆ: "ಮಾಳೂ!"

ಎಂಟು ಮಗ್ಗದವರು ಮಗ್ಗ ನಿಲ್ಲಿಸಿ ಬಂದರು. ನೂಲಿನ ಪೆಟ್ಟಿಗೆ ಇಳಿಸಿದರು. "ಮಾಸ್ತರ್ರ, ವಿಚಾರ ಮಾಡ್ರಿ" ಎನ್ನುತ್ತಲೇ ಇದ್ದ ಗುರುಸಿದ್ದ. ಹಗ್ಗ, ಬಿದಿರು, ಹೆಗಲು. ಹೊಸ್ತಿಲಲ್ಲಿ ಒಂದು ಮೂಲೆ ತಾಗಿ ಒಳಗೆ ಮೂರು ತಂತಿ ಟಣ್ ಟಣ್ ಎಂದು ಹರಿದವು. ಆದರೂ ಹೊರಗೆ ಬಂತು. ಈಗ ಮಾಳುವಿನ ಮಗ್ಗದ ಮನೆಯ ಕಟ್ಟೆಯ ಮೇಲಿದೆ.

ನಾವು ಹೊತ್ತು ಹೋಗುವಾಗ ಗುರುಸಿದ್ದ ಕೂಗಿದ: "ಮೈಕ್ ಇಲ್ದ ಎಲ್ಲಿ ಹಾಡ್ತೀರಿ?"

ಹುಚ್ಚಪ್ಪಾ! ಮೈಕು ಹುಟ್ಟುವ ಮೊದಲು ಯಾರು ಹಾಡಿದರು ಅಂದುಕೊಂಡಿ?

14 ಸೆಪ್ಟೆಂಬರ್, ರವಿವಾರ
ಮಾಳುವಿನ ಕಟ್ಟೆ

ಮೂರರಲ್ಲಿ ಎರಡು ತಂತಿ ಸಿಕ್ಕವು. ಮಾಳು ಎಲ್ಲಿಂದಲೋ ಉಕ್ಕಿನ ತಂತಿ ತಂದು ಕೂರಿಸಿದ. ಒಂದು ಮನೆ ಮೂಕ. ಇರಲಿ. ಆ ಸ್ವರ ನಾನೇ ಬಾಯಿಂದ ಹಾಕುತ್ತೇನೆ.

ಯಲ್ಲಾಲಿಂಗ ಬಂದ. ಮೋಟರ್‌ಸೈಕಲ್ ದೂರವೇ ನಿಲ್ಲಿಸಿ, ಕನ್ನಡಕ ಕಿಸೆಗೆ ಹಾಕಿ. ನಾನು ಪಿಯಾನೋದ ಧೂಳು ಒರೆಸುತ್ತಲೇ ಇದ್ದೆ. ಕಟ್ಟೆಯ ಕೆಳಗೇ ನಿಂತ.

"ಕಾಕಾ, ನೀವು ಒಪ್ಪೀರಿ ಅಂತ ಗುರುಸಿದ್ದಣ್ಣ ಹೇಳಿದ್ದ. ನಾ ಕೇಳಬೇಕಿತ್ತು. ಕೇಳಲಿಲ್ಲ."

"ಕೇಳಲಿಲ್ಲ" ಎಂದೆ.

"ಆ ಹಾಡು ಹಾಡೂವಾಗ ನನಗ ಉಸಿರು ಸಾಲವಲ್ದು. ನಿಮಗ ಹೆಂಗ ಸಾಲ್ತೈತ್ರಿ?"

ಈ ಪ್ರಶ್ನೆಯನ್ನು ಐವತ್ತು ವರ್ಷದಲ್ಲಿ ಒಬ್ಬನೂ ಕೇಳಿರಲಿಲ್ಲ. ಬೈಯಬೇಕೆಂದು ಬಾಯಿ ತೆರೆದವನು ಕಾಲು ತೋರಿಸಿದೆ. ಒತ್ತುವಾಗ ಒಳಗೆ, ಬಿಡುವಾಗ ಹೊರಗೆ. ಮಣ್ಣಿನಲ್ಲಿ ಕುಳಿತು ನೋಡಿದ. ಕಡೆಗೆ ಹೇಳಿದ: ಅವನ ಹತ್ತಿರ ಒಳ್ಳೆಯ ಟೇಪ್ ರೆಕಾರ್ಡರ್ ಇದೆ, ಸೆಲ್ಲಿನ ಮೇಲೆ ಓಡುತ್ತದೆ.

"ಬಟನ್ ಒತ್ತೂದು ನಾನು. ಹಾಡೂದು ನೀವು. ನಡೀತೈತೇನ್ರಿ?"

ನಡೀತೈತಿ. ಎಲ್ಲಾ ಮರೆತೆ ಎಂದಲ್ಲ. ಬಟನ್ ಒತ್ತಲಿ.

25 ಸೆಪ್ಟೆಂಬರ್, ಗುರುವಾರ
ಬನಹಟ್ಟಿ, ಮಾಳುವಿನ ಮನೆ, ಸಂಜೆ 5

ಮಗ್ಗಗಳು ಓಡುತ್ತಿವೆ. ಅಕ್ಷರ ನಡುಗುವುದು ಅದಕ್ಕೆ. ನಾಳೆ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ. "ಸತ್ತವರ ದಿನಾ ಹಾಡ್ತೀರೇನ್ರಿ?" ಎಂದಳು ಇಂದ್ರವ್ವ. ಅವರೂ ಕೇಳಲಿ! ಚನಮಲ್ಲಪ್ಪನವರು ಕೇಳಲಿ, ಬಾಯಿ ಆಡಿಸಿದ ಹೀರೋಗಳೆಲ್ಲ ಮೊದಲ ಸಾಲಿನಲ್ಲಿ ಬಂದು ಕೂಡಲಿ!

ಎಂಟು ಹಾಡು, ಒಂದೇ ಮುಂಜಾನೆ, ಒಂದೊಂದೇ ಟೇಕು. ಟೇಪ್ ರೆಕಾರ್ಡರ್ ಓಣಿಯ ಆ ತುದಿಗೆ, ಬೇವಿನ ಗಿಡಕ್ಕೆ. ನಲವತ್ತು ಹೆಜ್ಜೆ, ಮಾಳು ಅಳೆದಿದ್ದಾನೆ. ನಡುವೆ ಓಣಿಯವರು ಚಾಪೆ ಹಾಸುತ್ತಾರೆ. ಕೂಸು ಅತ್ತರೆ ಕೂಸಿನ ಅಳೂ ಆಲ್ಬಮ್ಮಿನಲ್ಲಿ. ನಾಯಿ ಬೊಗಳಿದರೆ ನಾಯಿಯೂ. ಮಳೆ ಬಂದರೆ ತಾಡಪತ್ರಿ ಇದೆ. ಅದರ ಮೇಲೆ ಬೀಳುವ ಸದ್ದನ್ನೂ ಅಳಿಸುವವರು ಯಾರೂ ಇಲ್ಲ.

ಈಗ ರತ್ನಾ ಬಂದು ಮಗ್ಗುಲಿಗೆ ಕುಳಿತಳು. ಕೈಯಲ್ಲಿ ಒಂದು ಹ್ಯಾಂಡ್‌ಬಿಲ್ಲು. ಮುಂದಿನ ಬದಿಯಲ್ಲಿ ಅವಳ ಫೋಟೋ, ಪಿಯಾನೋದ ಮುಂದೆ.

"ನಾಟಕ ಸುರು ಆಗೂಕಿಂತ ಮೊದಲ ಪಾತ್ರಧಾರಿಗಳ ಹೆಸರು ಒದರೂದು ಯಾರ ಕೆಲಸಾರಿ?"

"ಮಾಲಕ್ರದು."

"ಮಾಲಕ್ರು ತೀರಿ ಹನ್ನೊಂದ ವರ್ಷ ಆತಂದ್ರಲ್ಲ. ನಾ ಒದರ್ತೇನಿ."

"ಏನಂತ?"

"ಬಾರಿಸಿದಾಂವ ಇಂವ ಅಂತ." ಹ್ಯಾಂಡ್‌ಬಿಲ್ಲನ್ನು ಮಡಚಿದಳು. "ಅನಸವ್ವಗೂ ಹೇಳಿ ಕಳಿಸೇನಿ. ಇವತ್ತ ಕಡೀ ಬಸ್ಸಿಗೆ ಬರ್ತಾಳ."

"ರತ್ನಾ, ಅದು ನಿನ್ನದು. ಉಳದದ್ದ ಅದೊಂದು ಅಂದಿದ್ದಿ."

"ಹೂಂ. ಭಾಳ ದಿನಾ ಇಟ್ಕೊಂಡೆ. ಅಂವ ಏಳು ಹಾಡು ಅಳಸಿದ್ದ ಕೇಳಿ ನನಗ ನಿದ್ದಿ ಬರವಲ್ದು. ನಾನೂ ಅಳಸಿದಾಕೀನ ಅಲ್ಲೇನ್ರಿ?"

ಟವೆಲ್ಲಿನಿಂದ ಕಣ್ಣು ಒರೆಸಿಕೊಂಡೆ. ಅವಳೇ ಮತ್ತೆ: "ಅಳಬ್ಯಾಡ್ರಿ. ನಾಳಿಗೆ ಗಂಟಲು ಬೇಕು."

ಕುರ್ಚಿಯಲ್ಲಿ ಕುಳಿತ ಮಹನೀಯರೇ. ಚಾಪೆಯ ಮೇಲಿನ ತಾಯಂದಿರೇ. ಸಂದಿಗೆ ಕಣ್ಣು ಹಚ್ಚಿದ ಧೀರರೇ, ಸಂದಿ ಬಿಡಿ, ನಾಳೆ ಗೋಡೆಯೇ ಇಲ್ಲ! ಗಾಜಿಲ್ಲ, ಪರದೆಯಿಲ್ಲ, ತಗ್ಗಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಮಗ್ಗಗಳೆಲ್ಲ ನಿಂತಿರುತ್ತವೆ. ರತ್ನಾ ಎದ್ದು ನನ್ನ ಹೆಸರು ಹೇಳುತ್ತಾಳೆ. ಹೇಳಿ ಕೂಡುತ್ತಾಳೆ. ನಾನು ಕೌದಿ ಹಾಸುವುದಿಲ್ಲ. ಚಪ್ಪಲಿ ಬಿಡುವುದಿಲ್ಲ. ಎಡಗೈ ಷಡ್ಜದ ಮೇಲೆ ಇಡುತ್ತೇನೆ, ಆ ತುದಿಯ ಬೇವಿನ ಗಿಡವನ್ನು ನೋಡುತ್ತೇನೆ, ಮತ್ತು ಬಲಗಾಲು ಎತ್ತಿ —